ಬಾನೆಟ್ಟಿಗೆ ಕೊನೆಗೆ ಕೈ ಹಾಕಿ

ಹೋದ ವರ್ಷ ಮಳೆ ಹಿಡಿಯುವುದಕ್ಕೆ ಎರಡು ವಾರ ಮುಂಚೆ ತೀರ್ಥಹಳ್ಳಿ ಪೇಟೆಯಿಂದ ಗೊಬ್ಬರದ ಮೂಟೆ ಹೇರಿಕೊಂಡು ಮನೆಗೆ ಬರುತ್ತಿದ್ದೆ. ಗಾಡಿ ನಮ್ಮನೆಯ ಹಳೇ ಪಿಕಪ್ಪು. ಅಡಿಕೆ, ಒಣಹುಲ್ಲು, ಗೊಬ್ಬರ, ಮದುವೆ ಮನೆಯ ಪಾತ್ರೆ, ಎಲ್ಲಕ್ಕೂ ಇಪ್ಪತ್ತು ವರ್ಷದಿಂದ ಅದೇ. ತಿರುವು ಕಳೆದು ಒಂದು ಹೊಂಡ ಇಳಿದು ಹತ್ತಿದ್ದೇ ತಡ, ಕಣ್ಣೆದುರಿನ ಬಾನೆಟ್ಟು ನಾಲ್ಕು ಬೆರಳು ಮೇಲಕ್ಕೆದ್ದು ಗಾಳಿಗೆ ಪಟಪಟ ಬಡಿಯತೊಡಗಿತು. ಪಕ್ಕದಲ್ಲಿ ಕೂತಿದ್ದ ಮಗ ‘ಅಪ್ಪಯ್ಯಾ, ನಿಲ್ಸು ನಿಲ್ಸು’ ಎಂದು ಕೂಗಿದ. ಬದಿಗೆ ಹಾಕಿ ಇಳಿದು ನೋಡಿದೆ. ಲಾಕು ಪೂರ್ತಿ ಬಿಟ್ಟುಹೋಗಿತ್ತು. ಅಷ್ಟಗಲದ ತಗಡನ್ನು ಹಿಡಿದು ನಿಲ್ಲಿಸಿದ್ದು ಅದರ ಕೆಳಗಿನ ಒಂದು ಕೊಕ್ಕೆ. ತೋರುಬೆರಳಿನಷ್ಟು ಉದ್ದದ್ದು, ತುಕ್ಕು ಹಿಡಿದದ್ದು.

ಆ ಕೊಕ್ಕೆ ಬಿಟ್ಟಿದ್ದರೆ ಏನಾಗುತ್ತಿತ್ತು ಎಂಬುದನ್ನು ವಿವರಿಸಬೇಕಿಲ್ಲ. ಬಾನೆಟ್ಟಿನ ಕೀಲು ಗಾಜಿನ ಕಡೆ ಇದೆ, ಬಾಯಿ ಮುಂದಕ್ಕಿದೆ. ಓಡುವ ಗಾಡಿಯಲ್ಲಿ ಗಾಳಿ ಆ ಬಾಯಿಗೆ ನುಗ್ಗಿದರೆ ಇಡೀ ಬಾನೆಟ್ಟು ಮಗುಚಿ ಬಂದು ಗಾಜಿಗೆ ಅಪ್ಪಳಿಸುತ್ತದೆ. ಡ್ರೈವರಿಗೆ ಮುಂದೆ ಏನೂ ಕಾಣುವುದಿಲ್ಲ. ಹಳೆಯ ಕಾಲದ ಕಾರುಗಳಲ್ಲಿ ಈ ಭಯ ಇರಲಿಲ್ಲ. ಆಗ ಬಾನೆಟ್ಟಿಗೆ ನಡುವೆ ಕೀಲು, ಎರಡು ಮಗ್ಗುಲಿಗೆ ಎರಡು ರೆಕ್ಕೆ, ಚಿಟ್ಟೆಯ ಹಾಗೆ. ಆಮೇಲೆ ಒಂದೇ ಹಾಳೆಯ ಬಾನೆಟ್ಟು ಬಂತು, ಮೊಸಳೆ ಬಾಯಿ ತೆರೆದಂತೆ ಮೇಲಕ್ಕೇಳುವಂಥದು. ಅಮೆರಿಕದವರು ಅದಕ್ಕೆ ಮೊಸಳೆಯ ಹೆಸರನ್ನೇ ಇಟ್ಟಿದ್ದರು. ಗಾಳಿಗೆ ಎದ್ದು ಡ್ರೈವರನ ನೋಟಕ್ಕೆ ಅಡ್ಡ ಬರುವಂಥ ಬಾನೆಟ್ಟಿಗೆ ಒಂದು ಲಾಕು ಸಾಲದು, ಅದು ಬಿಟ್ಟರೆ ಹಿಡಿಯುವುದಕ್ಕೆ ಎರಡನೆಯ ಹಿಡಿತವೂ ಇರಲೇಬೇಕು ಎಂದು ಅಮೆರಿಕದ ವಾಹನ ಸುರಕ್ಷತೆಯ 113ನೇ ನಿಯಮ 1969ರ ಜನವರಿ 1ರಿಂದ ಕಡ್ಡಾಯ ಮಾಡಿತು. ನಮ್ಮ ಜೀವ ಉಳಿಸಿದ್ದು ಅಂಥದೇ ಎರಡನೆಯ ಹಿಡಿತ. ಅವತ್ತಿನಿಂದ ಬಾನೆಟ್ಟು ತೆರೆದಾಗಲೆಲ್ಲ ಮೊದಲು ಆ ಕೊಕ್ಕೆಯ ಸ್ಪ್ರಿಂಗು ಜಗ್ಗಿ ನೋಡುತ್ತೇನೆ. ನೀವೂ ನೋಡಿ. ಎಣ್ಣೆ ಕಾಣದೆ ಬಿಗಿದುಕೊಂಡ ಕೊಕ್ಕೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಬಾನೆಟ್ಟು ಓರೆಯಾಗಿದೆ ಎಂಬುದು ನನಗೆ ಎರಡು ವರ್ಷದಿಂದ ಗೊತ್ತಿತ್ತು. ಕ್ಲೀನರ್ ಸೈಡಿನಲ್ಲಿ, ಅಂದರೆ ಎಡಗಡೆ, ಮೂತಿಯ ಹತ್ತಿರ, ಬಾನೆಟ್ಟಿಗೂ ಮಡ್‌ಗಾರ್ಡಿಗೂ ನಡುವೆ ಕಿರುಬೆರಳು ತೂರುವಷ್ಟು ಸಂದು. ಅದೇ ಸಂದು ಗಾಜಿನ ಕಡೆಗೆ ಬರುತ್ತ ಕಿರಿದಾಗಿ ಸರಿಹೋಗುತ್ತಿತ್ತು. ಡ್ರೈವರ್ ಸೈಡಿನ ಕಥೆ ತಿರುಗಾಮುರುಗಾ. ಮೂತಿಯಲ್ಲಿ ಬಾನೆಟ್ಟು ಮಡ್‌ಗಾರ್ಡಿಗೆ ಉಜ್ಜಿ ಬಣ್ಣ ಕಿತ್ತು, ಬೆಳ್ಳಗಾದ ತಗಡಿನ ಮೇಲೆ ಕೆಂಪು ತುಕ್ಕು ಕೂತಿತ್ತು. ಕ್ಲೀನರ್ ಸೈಡಿನ ಮಡ್‌ಗಾರ್ಡು ಬಾನೆಟ್ಟಿನ ಮಟ್ಟಕ್ಕಿಂತ ಅರ್ಧ ಇಂಚು ಕೆಳಗಿತ್ತು. ಇದಲ್ಲದೆ ಡ್ರೈವರ್ ಸೈಡಿನಲ್ಲಿ, ಗಾಜಿನ ಕೆಳಗೆ ಬರುವ ಹಿಂದಿನ ಮೂಲೆ ಕೊಂಚ ಮೇಲೆದ್ದು ನಿಂತಿತ್ತು.

ಹಿಂದೊಮ್ಮೆ ಇದನ್ನು ಒಂದು ಗ್ಯಾರೇಜಿನಲ್ಲಿ ತೋರಿಸಿದ್ದೆ. ಅಲ್ಲಿ ಮಾಡಿದ್ದು ಎರಡೇ ಕೆಲಸ. ಬಾನೆಟ್ಟು ಕೂರಲಿ ಎಂದು ಲಾಕಿನ ಪಿನ್ನು ಇಳಿಯುವ ತೂತನ್ನು ಅರದಲ್ಲಿ ಉಜ್ಜಿ ಅಗಲ ಮಾಡಿದರು. ಉಜ್ಜುತ್ತಿದ್ದ ಅಂಚನ್ನು ಸುತ್ತಿಗೆಯಲ್ಲಿ ಬಡಿದು ಒಳಗೆ ತಳ್ಳಿದರು. ಬಾನೆಟ್ಟು ಕೂತಿತು, ನಾನೂ ದುಡ್ಡು ಕೊಟ್ಟು ಬಂದೆ. ಆ ಅಗಲ ಮಾಡಿದ ತೂತೇ ಹೊಂಡದಲ್ಲಿ ಪಿನ್ನನ್ನು ಬಿಟ್ಟುಕೊಟ್ಟಿದ್ದು. ಲಾಕಿಗೆ ಬಾನೆಟ್ಟನ್ನು ಬಿಗಿ ಹಿಡಿಯುವುದಷ್ಟೇ ಕೆಲಸ, ಅದನ್ನು ಎಳೆದು ಜಾಗಕ್ಕೆ ತರುವುದಲ್ಲ. ಓರೆ ಬಾನೆಟ್ಟನ್ನು ಲಾಕಿನಿಂದ ಸರಿಮಾಡಲು ಹೋದರೆ ಓರೆ ಓರೆಯಾಗಿಯೇ ಉಳಿಯುತ್ತದೆ, ಲಾಕು ಮಾತ್ರ ಕೆಡುತ್ತದೆ.

ಹಳೇ ಮನೆಯ ಬಾಗಿಲು ಹೊಸ್ತಿಲಿಗೆ ಉಜ್ಜುತ್ತಿದ್ದರೆ ಬಲ್ಲ ಆಚಾರಿ ಬಂದವನೇ ಕೀಸುಳಿ ಹಿಡಿಯುವುದಿಲ್ಲ. ಬಾಗಿಲನ್ನು ತೆರೆದು ಮುಚ್ಚಿ, ಬಿಜಾಗರಿಯ ಸ್ಕ್ರೂ ಮುಟ್ಟಿ, ದಾರಂದದ ಕಾಲು ಗೆದ್ದಲು ತಿಂದು ಕುಸಿದಿದೆಯೋ ಎಂದು ಬಗ್ಗಿ ನೋಡುತ್ತಾನೆ. ದಾರಂದ ಕುಸಿದಿದ್ದರೆ ಬಾಗಿಲನ್ನು ಎಷ್ಟು ಕೆತ್ತಿದರೂ ಮುಂದಿನ ಮಳೆಗಾಲಕ್ಕೆ ಮತ್ತೆ ಉಜ್ಜುತ್ತದೆ. ಒಳ್ಳೇ ಹಲಗೆ ಹಾಳಾದದ್ದೇ ಬಂತು. ನನ್ನ ಗಾಡಿಗೆ ಆದದ್ದು ಇದೇ.

ಕೊನೆಗೆ ಸಿಕ್ಕ ಟಿಂಕರಿಂಗ್ ಮೇಸ್ತ್ರಿ ಅಂಥ ಆಚಾರಿಯ ಜಾತಿಯವರು. ಅರವತ್ತು ದಾಟಿದ ಮನುಷ್ಯ. ಗಾಡಿಯನ್ನು ಸಿಮೆಂಟು ನೆಲದ ಮೇಲೆ ನಿಲ್ಲಿಸಲು ಹೇಳಿ, ಹತ್ತು ಹೆಜ್ಜೆ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತು ಒಂದೇ ಸಮನೆ ನೋಡಿದರು. ಬಾನೆಟ್ಟನ್ನು ಮುಟ್ಟಲೇ ಇಲ್ಲ. ಆಮೇಲೆ ಗೋಣಿಚೀಲ ಹಾಸಿಕೊಂಡು ಕೆಳಗೆ ಮಲಗಿ ಟಾರ್ಚು ಬಿಟ್ಟರು. ‘ಗೌಡ್ರೇ, ಬಾನೆಟ್ಟಿಗೆ ಏನೂ ಆಗಿಲ್ಲ. ಗಾಡಿ ಮೂತಿ ಒಂದು ಮಗ್ಗುಲಿಗೆ ಕುಸಿದಿದೆ. ಕ್ಲೀನರ್ ಸೈಡಿನ ರಬ್ಬರ್ ಸತ್ತಿದೆ’ ಅಂದರು.

ಇದು ಅರ್ಥವಾಗಲು ಪಿಕಪ್ಪಿನ ಮೈಕಟ್ಟು ಗೊತ್ತಿರಬೇಕು. ಇವತ್ತಿನ ಸಣ್ಣ ಕಾರುಗಳಿಗೆ ಇಡೀ ಮೈಯೇ ಒಂದು ಡಬ್ಬಿ. ತಗಡೂ ಎಲುಬೂ ಬೇರೆ ಬೇರೆ ಅಲ್ಲ. ಪಿಕಪ್ಪು ಹಾಗಲ್ಲ. ಕೆಳಗೆ ಏಣಿಯ ಹಾಗೆ ಎರಡು ಉದ್ದ ತೊಲೆ, ನಡುವೆ ಅಡ್ಡಪಟ್ಟಿ. ಅದು ಚಾಸಿ. ಅದರ ಮೇಲೆ ಕ್ಯಾಬಿನ್ ಬೇರೆ, ಹಿಂದಿನ ಹೇರುವ ತೊಟ್ಟಿ ಬೇರೆ. ಟಾಟಾದವರ 206 ಬಂದದ್ದು 1988ರಲ್ಲಿ. ಆಮೇಲಿನ 207, ಬೊಲೆರೊ ಪಿಕಪ್ಪು, ಅಮೆರಿಕದ ಹಳೆಯ ಫೋರ್ಡು ಶೆವರ್ಲೆಗಳು, ಎಲ್ಲದರ ಬುಡ ಈ ಏಣಿಯೇ. ಭಾರ ಹೇರಿದ ಗಾಡಿ ಏರುತಗ್ಗಿನ ದಾರಿಯಲ್ಲಿ ಹೋಗುವಾಗ ಏಣಿ ಅಷ್ಟಿಷ್ಟು ತಿರುಚುತ್ತದೆ, ತಿರುಚಲೇಬೇಕು. ಆ ತಿರುಚು ಮೇಲಿನ ತಗಡಿಗೆ ಹತ್ತದಿರಲಿ ಎಂದು ನಡುವೆ ರಬ್ಬರಿನ ಬುಷ್ ಇಟ್ಟಿರುತ್ತಾರೆ. ನನ್ನ ಗಾಡಿಯಂಥ ಬಹಳಷ್ಟು ಹಳೇ ಪಿಕಪ್ಪುಗಳಲ್ಲಿ ಕ್ಯಾಬಿನ್ನಿನಡಿಯ ರಬ್ಬರುಗಳಲ್ಲದೆ, ರೇಡಿಯೇಟರನ್ನು ಹೊತ್ತ ಮುಂದಿನ ಫ್ರೇಮಿನಡಿಗೂ ಎರಡು ಬೇರೆ ರಬ್ಬರು ಇರುತ್ತವೆ. ಎರಡೂ ಮಡ್‌ಗಾರ್ಡುಗಳ ಮುಂದಿನ ತುದಿ ಆ ಫ್ರೇಮಿಗೆ, ಹಿಂದಿನ ತುದಿ ಕ್ಯಾಬಿನ್ನಿಗೆ ಬೋಲ್ಟಾಗಿರುತ್ತದೆ. ಬಾನೆಟ್ಟಿನ ಕೀಲು ಕ್ಯಾಬಿನ್ ಕಡೆ, ಲಾಕು ರೇಡಿಯೇಟರ್ ಫ್ರೇಮಿನ ಕಡೆ.

ಅಂದರೆ ಬಾನೆಟ್ಟಿನ ಒಂದು ತುದಿಗೆ ಒಬ್ಬ ಯಜಮಾನ, ಇನ್ನೊಂದು ತುದಿಗೆ ಇನ್ನೊಬ್ಬ. ಇಬ್ಬರೂ ಬೇರೆ ಬೇರೆ ರಬ್ಬರಿನ ಮೇಲೆ ನಿಂತವರು. ಒಬ್ಬರ ಕಾಲು ಕುಸಿದರೂ ಮೊದಲು ಕಣ್ಣಿಗೆ ಬೀಳುವುದು ಬಾನೆಟ್ಟಿನ ಸಂದು, ಅಪವಾದವೂ ಬಾನೆಟ್ಟಿನ ಮೇಲೇ.

ಲೆಕ್ಕ ಹಾಕಿ ನೋಡಿದೆವು. ಮುಂದಿನ ಎರಡು ರಬ್ಬರುಗಳ ನಡುವಿನ ಅಂತರ ಸುಮಾರು 80 ಸೆಂ.ಮೀ. ಅಲ್ಲಿಂದ ಬಾನೆಟ್ಟಿನ ಅಂಚಿಗೆ ಎತ್ತರ ಸುಮಾರು 60 ಸೆಂ.ಮೀ. ಕ್ಲೀನರ್ ಸೈಡಿನ ರಬ್ಬರು ಇನ್ನೊಂದಕ್ಕಿಂತ 11 ಮಿ.ಮೀ. ತಗ್ಗಿತ್ತು. ಬುಡ ಅಷ್ಟು ತಗ್ಗಿದರೆ ಮೇಲಿನ ಅಂಚು ಅದೇ ಕಡೆಗೆ 8 ಮಿ.ಮೀ. ವಾಲುತ್ತದೆ. ಎರಡೂ ಮಡ್‌ಗಾರ್ಡುಗಳ ಮೂತಿ ಒಟ್ಟಿಗೆ ಎಡಕ್ಕೆ ವಾಲಿತು. ಕೀಲಿಗೆ ಕಟ್ಟಿಬಿದ್ದ ಬಾನೆಟ್ಟು ಇದ್ದಲ್ಲೇ ಇತ್ತು. ಇರಬೇಕಾದ ಸಂದು 6 ಮಿ.ಮೀ. ಎಂದಿಟ್ಟುಕೊಂಡರೆ ಎಡಗಡೆ ಅದು 14 ಆಯಿತು, ಬಲಗಡೆ ಸಂದೇ ಉಳಿಯದೆ ತಗಡು ತಗಡಿಗೆ ಉಜ್ಜಿತು. ಕಿರುಬೆರಳು ತೂರುವ ಸಂದು, ಬಣ್ಣ ಕಿತ್ತ ಅಂಚು, ಅರ್ಧ ಇಂಚು ತಗ್ಗಿದ ಮಡ್‌ಗಾರ್ಡು, ಎರಡು ವರ್ಷ ನಾನು ಮೂರು ಬೇರೆ ಬೇರೆ ಕಾಯಿಲೆ ಎಂದುಕೊಂಡಿದ್ದು ಒಂದು ಹಿಡಿ ರಬ್ಬರಿನ ಕಾಯಿಲೆಯಾಗಿತ್ತು.

ಹಾಗಾಗಿ ಕೆಲಸದ ಕ್ರಮ ಕೆಳಗಿನಿಂದ ಮೇಲಕ್ಕೆ. ಮೊದಲು ರಬ್ಬರು, ಆಮೇಲೆ ಮಡ್‌ಗಾರ್ಡು, ಆಮೇಲೆ ಕೀಲು, ಆಮೇಲೆ ಬಾನೆಟ್ಟು, ಎಲ್ಲಕ್ಕೂ ಕೊನೆಗೆ ಲಾಕು. ಈ ಕ್ರಮ ತಪ್ಪಿದರೆ ಇವತ್ತು ಕೂರಿಸಿದ್ದು ನಾಳೆ ಏಳುತ್ತದೆ.

ರಬ್ಬರು ಬದಲಿಸುವುದಕ್ಕೆ ಒಂದು ದಿನ ಪೂರ್ತಿ ಹಿಡಿಯಿತು. ಬದಲಿಸಿದ್ದೇನೋ ಒಂದು ಗಂಟೆಯ ಕೆಲಸ, ಉಳಿದ ಹೊತ್ತೆಲ್ಲ ಬೋಲ್ಟು ಬಿಚ್ಚಿದ್ದು. ನಮ್ಮ ಕಡೆಯ ಮಳೆ ಎಂಥದೆಂದು ಹೇಳಬೇಕಿಲ್ಲ. ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ 7 ಸಾವಿರ ಮಿ.ಮೀ.ಗೂ ಹೆಚ್ಚು ಸುರಿಯುತ್ತದೆ. ಕೆಸರು ಕೂತು ಕೂತು ಬೋಲ್ಟೂ ನಟ್ಟೂ ಒಂದೇ ಕಬ್ಬಿಣವಾಗಿದ್ದವು. ಮೇಸ್ತ್ರಿ ಹಿಂದಿನ ರಾತ್ರಿಯೇ ತಂತಿ ಬ್ರಷ್ಷಿನಲ್ಲಿ ತುಕ್ಕು ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹೊಡೆದು ಬಿಟ್ಟಿದ್ದರು. ಬೆಳಿಗ್ಗೆ ಪಾನಾ ಹಾಕಿ ಒಂದು ಎಳೆ ಬಿಚ್ಚುವ ಕಡೆಗೆ, ಅರ್ಧ ಎಳೆ ಬಿಗಿಯುವ ಕಡೆಗೆ, ಮತ್ತೆ ಎಣ್ಣೆ. ಹೀಗೆ ಆಡಿಸುತ್ತ ಆಡಿಸುತ್ತ ತೆಗೆದರು. ಒಂದೇ ಸಲ ಜೋರು ಮಾಡಿದ್ದರೆ ಬೋಲ್ಟಿನ ತಲೆ ಕೈಗೆ ಬರುತ್ತಿತ್ತು, ಮೈ ಒಳಗೇ ಉಳಿಯುತ್ತಿತ್ತು.

ಆಮೇಲೆ ಫ್ರೇಮಿನಡಿಗೆ ಮರದ ತುಂಡು ಕೊಟ್ಟು ಜಾಕಿನಲ್ಲಿ ಸ್ವಲ್ಪ ಸ್ವಲ್ಪವೇ ಎತ್ತಿದರು. ಇಲ್ಲಿ ಒಂದು ಎಚ್ಚರ ಬೇಕು. ಫ್ರೇಮಿನ ಜೊತೆ ರೇಡಿಯೇಟರೂ ಮೇಲೇಳುತ್ತದೆ, ಆದರೆ ಇಂಜಿನ್ನಿಗೆ ಹೊಂದಿಕೊಂಡ ಫ್ಯಾನು ಇದ್ದಲ್ಲೇ ಇರುತ್ತದೆ. ಫ್ಯಾನಿನ ರೆಕ್ಕೆ ರೇಡಿಯೇಟರಿಗೋ ಅದರ ಸುತ್ತಿನ ತಗಡಿಗೋ ತಾಗದಂತೆ, ಹೋಸ್ ಪೈಪು ಜಗ್ಗದಂತೆ ಒಬ್ಬರು ಮೇಲಿಂದ ನೋಡುತ್ತಲೇ ಇರಬೇಕು. ಆ ಕೆಲಸಕ್ಕೆ ಮಗ ನಿಂತಿದ್ದ.

ಹೊರಗೆ ಬಂದ ಹಳೇ ರಬ್ಬರು ಅಂಗೈಯಲ್ಲಿ ಒತ್ತಿದರೆ ಹುರಿಹಿಟ್ಟಿನಂತೆ ಉದುರಿತು. ಒಂದು ಮಗ್ಗುಲು ಇಂಜಿನ್ ಆಯಿಲ್ ಕುಡಿದು ಊದಿಕೊಂಡು ಮೆತ್ತಗಾಗಿತ್ತು, ಇನ್ನೊಂದು ಮಗ್ಗುಲು ಬಿಸಿಗೆ ಒಣಗಿ ಬಿರಿದಿತ್ತು. ಇನ್ನೊಂದು ಕಡೆಯ ರಬ್ಬರು ನೋಡಲು ಪರವಾಗಿರಲಿಲ್ಲ. ಅದನ್ನು ಹಾಗೇ ಬಿಡೋಣವೇ ಎಂದು ಕೇಳಿದೆ. ಮೇಸ್ತ್ರಿ ಒಪ್ಪಲಿಲ್ಲ. ಹೊಸ ರಬ್ಬರು ಒಂದು ಕಡೆ, ಇಪ್ಪತ್ತು ವರ್ಷ ಕುಗ್ಗಿದ ರಬ್ಬರು ಇನ್ನೊಂದು ಕಡೆ ಇಟ್ಟರೆ ಮೂತಿ ಈಗ ಬಲಕ್ಕೆ ವಾಲುತ್ತದೆ, ಅಷ್ಟೇ ವ್ಯತ್ಯಾಸ. ಎತ್ತಿನ ಜೋಡಿಯಂತೆ ರಬ್ಬರನ್ನೂ ಜೋಡಿಯಾಗಿಯೇ ಕಟ್ಟಬೇಕು. ಹಳ್ಳಿಯಲ್ಲಿ ಹಳೇ ಟಯರು ಕೊಯ್ದು ಇಂಥ ಕಡೆ ಇಡುವ ರೂಢಿ ಇದೆ; ನಾನೂ ಮಾಡಿದವನೇ. ಟಯರಿನೊಳಗೆ ದಾರದ ಪದರ ಇರುವುದರಿಂದ ಅದು ರಬ್ಬರಿನಂತೆ ಅಮುಕಿ ಏಳುವುದಿಲ್ಲ, ಎರಡು ತುಂಡು ಒಂದೇ ದಪ್ಪ ಸಿಗುವುದೂ ಕಷ್ಟ. ಶಿವಮೊಗ್ಗದಲ್ಲೋ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಹುಡುಕಿ ಸರಿಯಾದ ಬುಷ್ ತರುವುದು ಮೇಲು. ಒಂದು ಕೋಟು ಬಣ್ಣ ಹೊಡೆಸುವ ಖರ್ಚಿನ ಮುಂದೆ ಅದೇನೂ ಅಲ್ಲ.

ಜಾಕು ಇಳಿಸಿ ಗಾಡಿ ನಾಲ್ಕೂ ಚಕ್ರದ ಮೇಲೆ ನಿಂತಾಗ ನಾವು ಬಾನೆಟ್ಟಿನ ಒಂದು ಬೋಲ್ಟನ್ನೂ ಮುಟ್ಟಿರಲಿಲ್ಲ. ಆದರೂ ಎಡಬಲದ ಸಂದು ಹೆಚ್ಚುಕಡಿಮೆ ಒಂದಾಗಿತ್ತು. ಆ ಗಳಿಗೆಯಲ್ಲಿ ನನಗಾದ ಸಂತೋಷ ದೊಡ್ಡದು. ಇಷ್ಟು ವರ್ಷ ಎದುರಿಗೇ ಇದ್ದದ್ದು ಆಗ ಕಂಡಿತು.

ಸಂದು ಅಳೆಯುವುದು ಗಾಡಿ ಸಮ ನೆಲದ ಮೇಲೆ, ಹೇರು ಇಲ್ಲದೆ, ಚಕ್ರದ ಮೇಲೆ ನಿಂತಿರುವಾಗ ಮಾತ್ರ. ಜಾಕಿನ ಮೇಲೆ ನಿಂತ ಗಾಡಿಯ ಚಾಸಿ ತಿರುಚಿಕೊಂಡಿರುತ್ತದೆ. ಅಲ್ಲಿ ಸರಿಮಾಡಿದ ಸಂದು ಕೆಳಗಿಳಿಸಿದ ಕೂಡಲೇ ಕೈಕೊಡುತ್ತದೆ. ಅಳತೆಗೆ ಮೇಸ್ತ್ರಿ ಇಟ್ಟುಕೊಂಡದ್ದು 6 ಎಂಎಂ ಪ್ಲೈವುಡ್ಡಿನ ಎರಡು ಚೂರು. ಹೊಸ ಕಾರುಗಳಲ್ಲಿ ಸಂದು 3, 4 ಮಿ.ಮೀ.ಗೆ ಇಳಿದಿರಬಹುದು. ಮೈ ಆಡುವ ಹಳೇ ಪಿಕಪ್ಪಿಗೆ 5, 6 ಮಿ.ಮೀ. ಬೇಕು. ಅಂದಕ್ಕೆಂದು ಅದಕ್ಕಿಂತ ಬಿಗಿ ಮಾಡಿದರೆ ಮೊದಲ ಹೊಂಡದಲ್ಲೇ ತಗಡು ತಗಡಿಗೆ ತಾಗುತ್ತದೆ. ಪ್ಲೈವುಡ್ ಚೂರನ್ನು ಮೂತಿಯಿಂದ ಗಾಜಿನವರೆಗೆ ಸಂದಿನಲ್ಲಿ ಎಳೆದುಕೊಂಡು ಬಂದರೆ ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಕೈಗೇ ಗೊತ್ತಾಗುತ್ತದೆ.

ಮಡ್‌ಗಾರ್ಡಿನ ಕೆಲಸ ನಮ್ಮಲ್ಲಿ ಹೆಚ್ಚಿರಲಿಲ್ಲ. ಮಡ್‌ಗಾರ್ಡು ಬೋಲ್ಟಾಗುವ ಕಡೆ ತೂತುಗಳು ಉದ್ದುದ್ದಕ್ಕೆ ಇರುತ್ತವೆ, ಸರಿಸಲಿ ಎಂದೇ. ಕೆಲವು ಕಡೆ ಯು ಆಕಾರದ ತೆಳು ತಗಡಿನ ಪ್ಯಾಕಿಂಗ್ ಇರುತ್ತದೆ. ಬಿಚ್ಚುವಾಗ ಯಾವ ಬೋಲ್ಟಿನಡಿ ಎಷ್ಟು ಇತ್ತು ಎಂದು ಬರೆದಿಟ್ಟುಕೊಳ್ಳಿ. ಅವನ್ನು ಕಸವೆಂದು ಎಸೆದರೆ ಕಾರ್ಖಾನೆಯಲ್ಲಿ ಕೂರಿಸಿದ ಮಟ್ಟವನ್ನೇ ಎಸೆದಂತೆ.

ಇನ್ನು ಉಳಿದದ್ದು ಹಿಂದಿನ ಮೂಲೆ. ಇದು ಕೀಲಿನ ಕಾಯಿಲೆ. ಕೀಲಿಗೆ ವರ್ಷಗಟ್ಟಲೆ ಎಣ್ಣೆ ಬೀಳದಿದ್ದರೆ ಪಿನ್ನು ಹಿಡಿದುಕೊಳ್ಳುತ್ತದೆ. ನಾವು ಮೂತಿಯ ಕಡೆ ನಿಂತು ಬಾನೆಟ್ಟನ್ನು ಒತ್ತಿದಾಗ ಕೀಲು ಮಡಚುವುದಿಲ್ಲ. ಮುಂದೆ ಒತ್ತಡ ಬೀಳುತ್ತದೆ, ಹಿಂದೆ ಹಟ ಇದೆ; ನಡುವೆ ಸಿಕ್ಕ ತಗಡು ಬಾಗುತ್ತದೆ, ಹಿಂದಿನ ಮೂಲೆ ಮೇಲೇಳುತ್ತದೆ. ಅಮೆರಿಕದಲ್ಲಿ 1967ರಿಂದ 1972ರವರೆಗೆ ಬಂದ ಶೆವರ್ಲೆ ಸಿ10 ಪಿಕಪ್ಪುಗಳನ್ನು ಈಗಲೂ ಪ್ರೀತಿಯಿಂದ ಇಟ್ಟುಕೊಂಡವರು ಬಹಳ ಮಂದಿ. ಅವುಗಳ ಕೀಲಿಗೆ ದಪ್ಪ ಸ್ಪ್ರಿಂಗು. ಬಾನೆಟ್ಟನ್ನು ಅದೇ ಎತ್ತಿ ಹಿಡಿಯುತ್ತದೆ, ಕಡ್ಡಿ ಕೊಡಬೇಕಿಲ್ಲ. ಎಣ್ಣೆ ಕಾಣದ ಕೀಲೂ ಆ ಸ್ಪ್ರಿಂಗೂ ಸೇರಿದರೆ, ಜೋರಾಗಿ ಮುಚ್ಚಿದವನ ಕೈಯಲ್ಲಿ ಬಾನೆಟ್ಟು ಅಡ್ಡಕ್ಕೆ ಮಡಚಿಕೊಂಡ ಉದಾಹರಣೆ ಆ ಗಾಡಿಗಳಲ್ಲಿ ಬೇಕಾದಷ್ಟಿದೆ. ಅಂಥ ಸ್ಪ್ರಿಂಗಿನ ಕೀಲು ಬಿಚ್ಚುವಾಗ ಬೆರಳು ದೂರ ಇರಲಿ. ಸ್ಪ್ರಿಂಗು ಕಳಚಿ ಹಾರಿದರೆ ಎಲುಬು ಮುರಿಯುವಷ್ಟು ಬಿಗಿ ಅದರಲ್ಲಿರುತ್ತದೆ.

ನಮ್ಮ ಗಾಡಿಗೆ ಸ್ಪ್ರಿಂಗಿಲ್ಲ, ಕಡ್ಡಿ ಕೊಟ್ಟು ನಿಲ್ಲಿಸುವ ಬಾನೆಟ್ಟು. ಇಬ್ಬರು ಹಿಡಿದು ಬಾನೆಟ್ಟನ್ನು ಇಳಿಸಿ ಗೋಣಿಚೀಲದ ಮೇಲೆ ಮಲಗಿಸಿ, ಕೀಲುಗಳನ್ನು ಒಂದೊಂದಾಗಿ ಕೈಯಲ್ಲಿ ಆಡಿಸಿ ನೋಡಿದೆವು. ಕ್ಲೀನರ್ ಸೈಡಿನದು ಸಲೀಸಾಗಿ ಆಡಿತು. ಡ್ರೈವರ್ ಸೈಡಿನದಕ್ಕೆ ಎರಡು ಕೈ ಬೇಕಾಯಿತು. ಡೀಸೆಲ್ಲಿನಲ್ಲಿ ತೊಳೆದು, ಎಣ್ಣೆ ಬಿಟ್ಟು, ನೂರು ಸಲ ಮಡಚಿ ತೆರೆದ ಮೇಲೆ ಒಂದೇ ಬೆರಳಿಗೆ ಬಂತು. ಪಿನ್ನು ಸವೆದು ಕೀಲು ಮೇಲೆ ಕೆಳಗೆ ಕುಣಿಯುತ್ತಿದ್ದರೆ ಎಣ್ಣೆಯಿಂದ ಪ್ರಯೋಜನವಿಲ್ಲ. ಹೊಸ ಪಿನ್ನು, ಇಲ್ಲವೇ ಹೊಸ ಕೀಲು. ಬಾನೆಟ್ಟು ಬಿಚ್ಚುವ ಮೊದಲು ಕೀಲಿನ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದು ಮರಳಿ ಕೂರಿಸುವಾಗ ಉಪಕಾರಕ್ಕೆ ಬಂತು. ಮೊದಲು ಆ ಗೆರೆಗೆ ಸರಿಯಾಗಿ ಇಟ್ಟು, ಅಲ್ಲಿಂದ ಎಷ್ಟು ಸರಿಸಬೇಕು ಎಂದು ಲೆಕ್ಕ ಹಾಕುವುದು.

ಬಾನೆಟ್ಟು ಕೂರಿಸುವ ಹೊತ್ತಿಗೆ ಲಾಕಿನ ಪಿನ್ನನ್ನು ಬಿಚ್ಚಿ ಪಕ್ಕಕ್ಕಿಡಬೇಕು. ಇದನ್ನು ಮಾಡದವರೇ ಜಾಸ್ತಿ. ಪಿನ್ನು ಇದ್ದರೆ ಮುಚ್ಚಿದಾಗಲೆಲ್ಲ ಲಾಕು ಮೂತಿಯನ್ನು ತನ್ನ ಕಡೆಗೆ ಎಳೆದುಕೊಂಡು ಸುಳ್ಳು ಹೇಳುತ್ತದೆ. ಬಾನೆಟ್ಟು ನಿಜವಾಗಿ ಎಲ್ಲಿ ಕೂರುತ್ತದೆ ಎಂದು ತಿಳಿಯುವುದೇ ಇಲ್ಲ. ಹಿಂದಿನ ಎರಡು ಮೂಲೆಗಳಿಗೆ ಹಳೇ ಪಂಚೆ ಮಡಚಿ ಹಾಸಿದೆವು, ಜಾರಿದರೆ ಗಾಜು ಒಡೆಯದಿರಲಿ ಎಂದು. ಬೋಲ್ಟುಗಳನ್ನು ಪೂರ್ತಿ ಸಡಿಲ ಬಿಡಲಿಲ್ಲ. ಅಂಗೈಯಲ್ಲಿ ಗುದ್ದಿದರೆ ಜರುಗಬೇಕು, ಬಿಟ್ಟರೆ ನಿಲ್ಲಬೇಕು, ಅಷ್ಟೇ.

ಎಡಬಲಕ್ಕೆ ಸರಿಸುವ ಲೆಕ್ಕ ಮೊದಮೊದಲು ತಲೆ ತಿನ್ನುತ್ತದೆ. ಮೂತಿ ಬಲಕ್ಕೆ ತಿರುಗಿದ್ದರೆ ಮೂತಿಯನ್ನು ಹಿಡಿದು ಎಡಕ್ಕೆ ತಳ್ಳಬೇಡಿ. ಬಲಗಡೆಯ ಕೀಲಿನ ಬೋಲ್ಟು ಸಡಿಲಿಸಿ ಆ ಮೂಲೆಯನ್ನು ಕೂದಲೆಳೆಯಷ್ಟು ಮುಂದಕ್ಕೆ ನೂಕಿ, ಇಲ್ಲವೇ ಎಡಗಡೆಯ ಮೂಲೆಯನ್ನು ಅಷ್ಟೇ ಹಿಂದಕ್ಕೆಳೆಯಿರಿ. ಮೂತಿ ತಾನೇ ಎಡಕ್ಕೆ ತಿರುಗುತ್ತದೆ. ಒಂದು ಸಲಕ್ಕೆ ಒಂದೇ ಕಡೆ ಮುಟ್ಟುವುದು, ಬಿಗಿಯುವುದು, ಮೆಲ್ಲಗೆ ಮುಚ್ಚುವುದು, ಪ್ಲೈವುಡ್ ಎಳೆದು ನೋಡುವುದು. ನಾವು ಏಳು ಸಲ ಮಾಡಿದೆವು.

ಎತ್ತರದ ಲೆಕ್ಕ ಇನ್ನೂ ಸೂಕ್ಷ್ಮ. ಹಿಂದಿನ ಅಂಚು ಎದ್ದಿದ್ದರೆ ಮೊದಲು ನೋಡಬೇಕಾದದ್ದು ಕೀಲು ಕ್ಯಾಬಿನ್ನಿಗೆ ಬೋಲ್ಟಾಗುವ ಜಾಗ. ಅಲ್ಲಿನ ಉದ್ದ ತೂತಿನಲ್ಲಿ ಕೀಲನ್ನೇ ಕೆಳಗಿಳಿಸಿದರೆ ಅಂಚು ಇಳಿಯುತ್ತದೆ. ಅದರಿಂದ ಸಾಲದಿದ್ದಾಗ ಮಾತ್ರ ವಾಷರಿನ ಮೊರೆ. ಬಾನೆಟ್ಟಿಗೂ ಕೀಲಿಗೂ ನಡುವೆ, ಕೀಲಿನ ಮುಂದಿನ ಬೋಲ್ಟಿನಡಿ ವಾಷರ್ ಇಟ್ಟರೆ ಬಾನೆಟ್ಟಿನ ಮೂತಿ ಮೇಲಕ್ಕೆ ನೋಡುತ್ತದೆ. ಮೂತಿಯನ್ನು ಲಾಕು ಕೆಳಗೆ ಹಿಡಿದಾಗ ಹಿಂದಿನ ಮೂಲೆ ಕೂರುತ್ತದೆ. ಹಿಂದಿನ ಬೋಲ್ಟಿನಡಿ ಇಟ್ಟರೆ ಇದಕ್ಕೆ ತದ್ವಿರುದ್ಧ. ಆದರೆ ಎಷ್ಟು ದಪ್ಪದ್ದು? ಕೀಲಿನ ಎರಡು ಬೋಲ್ಟುಗಳ ನಡುವೆ 6 ಸೆಂ.ಮೀ. ಅಂತರ, ಬಾನೆಟ್ಟು 1 ಮೀಟರ್ ಉದ್ದ ಎಂದಿಟ್ಟುಕೊಳ್ಳಿ. 1 ಮಿ.ಮೀ. ವಾಷರ್ ಮೂತಿಯನ್ನು ಸುಮಾರು 17 ಮಿ.ಮೀ. ಎತ್ತುತ್ತದೆ. ಪೇಟೆಯಲ್ಲಿ ಸಿಗುವ ದಪ್ಪ ವಾಷರ್ ಎರಡು ಹಾಕಿ ‘ಇದೇನು ಹೀಗಾಯಿತು’ ಎಂದು ತಲೆ ಕೆರೆದುಕೊಳ್ಳುವವರು ಈ ಲೆಕ್ಕ ಮಾಡಿರುವುದಿಲ್ಲ. ಮೇಸ್ತ್ರಿ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ, ಅರ್ಧ ಮಿ.ಮೀ.ಗೂ ಕಡಿಮೆಯ ಒಂದೇ ಒಂದು ಪಟ್ಟಿ ಇಟ್ಟರು. ಸಾಕಾಯಿತು.

ಬಾನೆಟ್ಟೇ ತಿರುಚಿದ್ದರೆ, ಅಂದರೆ ಕೀಲು ಸರಿ ಇದ್ದೂ ಮುಂದಿನ ಒಂದು ಮೂಲೆ ಮೇಲೆ, ಇನ್ನೊಂದು ಕೆಳಗೆ ಇದ್ದರೆ ಅದಕ್ಕೆ ಬಟ್ಟೆ ಸುತ್ತಿದ ಮರದ ತುಂಡು ಸಾಕು. ತಗ್ಗಿದ ಮೂಲೆಯಡಿ ತುಂಡು ಇಟ್ಟು, ಎದ್ದ ಮೂಲೆಯನ್ನು ಎರಡೂ ಅಂಗೈಯಲ್ಲಿ ಮೆಲ್ಲಗೆ ಅಮುಕುವುದು. ಬಿಟ್ಟು ನೋಡುವುದು, ಮತ್ತೆ ಅಮುಕುವುದು. ಒಳಗಿನ ಪಟ್ಟಿ ಬಿರುಕು ಬಿಟ್ಟಿದ್ದರೆ ಬೆಸುಗೆ ಬೇಕೇ ಬೇಕು, ಆದರೆ ಗ್ಯಾಸ್ ವೆಲ್ಡಿಂಗಿನ ಜ್ವಾಲೆ ಹಿಡಿದರೆ ತೆಳು ತಗಡು ಹೆಂಚಿನ ಮೇಲಿನ ಹಪ್ಪಳದಂತೆ ಅಲ್ಲಲ್ಲಿ ಏಳುತ್ತದೆ. ಚುಕ್ಕಿ ಚುಕ್ಕಿಯಾಗಿ, ತಣಿಯಲು ಬಿಟ್ಟು ಬಿಟ್ಟು ಬೆಸೆಯುವವರ ಹತ್ತಿರವೇ ಕೊಡಿ. ಅಂದ ಹಾಗೆ ಬಾನೆಟ್ ಎಂಬ ಇಂಗ್ಲಿಷ್ ಮಾತಿಗೆ ಮೂಲದಲ್ಲಿ ಟೋಪಿ ಎಂದೇ ಅರ್ಥ, ನಮ್ಮ ಕೂಸುಗಳ ಕುಲಾವಿಯ ಹಾಗೆ. ಅಮೆರಿಕದವರ ಹುಡ್ ಎಂಬುದೂ ತಲೆಯ ಮುಸುಕೇ. ಸುತ್ತಿಗೆ ಎತ್ತುವ ಮೊದಲು ಈ ಅರ್ಥ ನೆನಪಾಗುವುದು ಒಳ್ಳೆಯದು.

ಹಿಂದಿನ ಗ್ಯಾರೇಜಿನವರು ಬಡಿದು ಒಳಗೆ ತಳ್ಳಿದ ಅಂಚನ್ನು ಮೇಸ್ತ್ರಿ ಡಾಲಿ ಎಂಬ ಕಬ್ಬಿಣದ ತುಂಡು ಕೊಟ್ಟು ಹೊರಗೆ ತಂದರು. ಅಲ್ಲಿ ಬಣ್ಣ ಪೂರ್ತಿ ಕೆರೆದು ರೆಡ್ ಆಕ್ಸೈಡ್ ಹಚ್ಚಿದೆವು. ಬಾನೆಟ್ಟಿನ ಹಿಂದಿನ ಅಂಚಿನಡಿ ಬರುವ ರಬ್ಬರ್ ಪಟ್ಟಿ ಹರಿದುಹೋಗಿತ್ತು. ಅದನ್ನೂ ಹೊಸದು ಹಾಕಿಸಿದೆ. ಅದು ಬರೀ ಅಂದಕ್ಕೆ ಇರುವುದಲ್ಲ. ಇಂಜಿನ್ನಿನ ಬಿಸಿಯೂ ಹೊಗೆಯೂ ಗಾಜಿನ ಬುಡದ ಗಾಳಿಕಿಂಡಿಯ ಮೂಲಕ ಕ್ಯಾಬಿನ್ನಿಗೆ ನುಗ್ಗದಂತೆ ತಡೆಯುವುದು ಅದೇ. ಹಿಂದಿನ ಮೂಲೆ ಎದ್ದಿದ್ದ ಎರಡು ವರ್ಷ ಘಾಟಿ ಹತ್ತುವಾಗೆಲ್ಲ ಡೀಸೆಲ್ ವಾಸನೆ ಬರುತ್ತಿದ್ದುದು ಯಾಕೆಂದು ಆಗ ತಿಳಿಯಿತು.

ಕೊನೆಗೆ ಲಾಕು. ಅದಕ್ಕೂ ಮೊದಲು ಮೂತಿಯ ಎರಡು ತುದಿಗೆ ತಿರುಗಿಸಿ ಏರಿಸಿ ಇಳಿಸುವ ರಬ್ಬರ್ ಗುಬಟುಗಳಿವೆ. ಬಾನೆಟ್ಟಿನ ಮಟ್ಟ ಮಡ್‌ಗಾರ್ಡಿಗೆ ಸಮ ಬರುವಂತೆ ಅವನ್ನು ನಿಲ್ಲಿಸಿ ಚೆಕ್‌ನಟ್ಟು ಬಿಗಿಯಬೇಕು. ಗುಬಟು ತೀರಾ ಕೆಳಗಿದ್ದರೆ ಓಡುವಾಗ ಬಾನೆಟ್ಟು ನಡುಗುತ್ತದೆ, ತೀರಾ ಮೇಲಿದ್ದರೆ ಲಾಕಿನ ಮೇಲೆ ಹಗಲೂ ರಾತ್ರಿ ಜಗ್ಗು ಬೀಳುತ್ತದೆ. ಅರದಲ್ಲಿ ಹಿಗ್ಗಿಸಿದ್ದ ಲಾಕಿನ ಪ್ಲೇಟು ತೆಗೆದು ಹೊಸದು ಹಾಕಿದೆವು. ಪಿನ್ನು ಸರಿಯಾಗಿ ನಡುಮಧ್ಯಕ್ಕೆ ಇಳಿಯುತ್ತದೆಯೋ ಎಂದು ನೋಡಲು ಮೇಸ್ತ್ರಿ ಮಾಡಿದ ಉಪಾಯ ನನಗೆ ಬಹಳ ಹಿಡಿಸಿತು. ಮನೆಯಿಂದ ಒಂದು ನಿಂಬೆಗಾತ್ರದ ಚಪಾತಿ ಹಿಟ್ಟು ತರಿಸಿ, ತಟ್ಟಿ, ಲಾಕಿನ ಬಾಯಿಗೆ ಹಚ್ಚಿ, ಬಾನೆಟ್ಟನ್ನು ಮೆಲ್ಲಗೆ ತಂದು ತಾಗಿಸಿ ಎತ್ತಿದರು. ಪಿನ್ನಿನ ಗುರುತು ಹಿಟ್ಟಿನಲ್ಲಿ ಮೂಡಿತ್ತು, ಎರಡು ಮಿ.ಮೀ. ಎಡಕ್ಕೆ. ಲಾಕನ್ನು ಅಷ್ಟು ಎಡಕ್ಕೆ ಸರಿಸಿ ಮತ್ತೆ ಹಿಟ್ಟು. ಈ ಸಲ ಗುರುತು ನಟ್ಟನಡುವೆ ಬಿತ್ತು. ಹಿಟ್ಟು ಒರೆಸಿ, ಗ್ರೀಸು ಸವರಿ, ಎರಡನೆಯ ಕೊಕ್ಕೆಯ ಸ್ಪ್ರಿಂಗು ಬದಲಿಸಿ, ‘ಈಗ ಬಿಡಿ ಗೌಡ್ರೇ’ ಎಂದರು. ಒಂದು ಅಡಿ ಎತ್ತರದಿಂದ ಕೈಬಿಟ್ಟೆ. ಬಾನೆಟ್ಟು ತನ್ನ ಭಾರಕ್ಕೆ ತಾನೇ ಬಂದು ಕೂತು, ಲಾಕು ಒಂದೇ ಸಲ ಟಕ್ ಎಂದಿತು.

ಜೂನ್ ಮೊದಲ ವಾರದ ಮಳೆಯಲ್ಲಿ ಅದೇ ದಾರಿಯಲ್ಲಿ ಅದೇ ಹೊಂಡ ಇಳಿದು ಬಂದೆ. ಮನೆ ಮುಟ್ಟಿ ಬಾನೆಟ್ಟು ತೆರೆದರೆ ಬ್ಯಾಟರಿಯ ಮೇಲೆ ನೀರಿನ ಹನಿ ಇರಲಿಲ್ಲ. ಹೊಸ ರಬ್ಬರು ಹೇರಿಗೆ ಒಂದಿಷ್ಟು ಕೂರುತ್ತದೆ, ತಿಂಗಳು ಬಿಟ್ಟು ಗಾಡಿ ತನ್ನಿ ಎಂದು ಮೇಸ್ತ್ರಿ ಹೇಳಿದ್ದರು. ತೆಗೆದುಕೊಂಡು ಹೋದೆ. ಅವರು ಒಂದೊಂದೇ ಬೋಲ್ಟಿಗೆ ಪಾನಾ ಕೊಟ್ಟು ನೋಡಿದರು. ಕ್ಲೀನರ್ ಸೈಡಿನ ಕೆಳಗಿನ ಬೋಲ್ಟು ಕಾಲು ಸುತ್ತು ಕೇಳಿತು. ಉಳಿದವು ಇದ್ದಲ್ಲೇ ಇದ್ದವು.